ಮಟ್ಟಿಗುಡ್ಡದ ಕರುಗಲ್ಲು

ಸವಳಂಗ ರಸ್ತೆಯಾಚೆಯ ಹೊಸೂರಿನ ಉಜ್ಜನಪ್ಪನನ್ನು ಕೂರಿಸಿಕೊಂಡು ಕೇಳಿ, ಮಟ್ಟಿಗುಡ್ಡದ ಚರಿತ್ರೆಯನ್ನೆಲ್ಲ ಒಪ್ಪಿಸಿಬಿಡುತ್ತಾನೆ. ಗುಡ್ಡದ ಮೇಲೆ ಮೂವತ್ತು ಮನೆಗಳಿದ್ದದ್ದು, ಯಾರ ಕಣ ಎಲ್ಲಿತ್ತು, ಕೊನೆಗೆ ಬಾವಿ ಬತ್ತಿ ಊರಿಗೆ ಊರೇ ಕೆಳಗಿಳಿದು ಈ ಹೊಸೂರು ಕಟ್ಟಿದ್ದು, ಎಲ್ಲ. ಕರುಗಲ್ಲಿನ ಮಾತು ಬಂದರೆ ಮಾತ್ರ ಮುದುಕನಿಗೆ ಅದೆಲ್ಲಿಂದಲೋ ಕೆಮ್ಮು ಬರುತ್ತದೆ.

ಊರು ಕಟ್ಟುವಾಗ ಮೊದಲು ನೆಡುವ ಕಲ್ಲೇ ಕರುಗಲ್ಲು. ಊರು ಬಿಟ್ಟು ಹೋದರೂ ಅದೇ ಕಲ್ಲನ್ನು ಕಿತ್ತು ತಂದು ನೆಡದೆ ಹೊಸ ಜಾಗ ಊರೆನಿಸುವುದಿಲ್ಲ. ಆದರೆ ಅದನ್ನು ಕಿತ್ತವನ ವಂಶ ಉಳಿಯುವುದಿಲ್ಲ ಎಂಬ ಭಯ ಗುಡ್ಡದವರಿಗೆ. ಮೂವತ್ತೈದು ವರ್ಷದ ಹಿಂದೆ ಹಿರಿಯರು ಸೇರಿ ಆ ಕೆಲಸವನ್ನು ಉಜ್ಜನಪ್ಪನ ತಲೆಗೆ ಕಟ್ಟಿದರು. ಒಬ್ಬನೇ ಹೋಗಬೇಕು, ಕಲ್ಲನ್ನು ಗೋಣಿಯಲ್ಲಿ ಸುತ್ತಿ ತರಬೇಕು, ನೆಡುವವರೆಗೆ ಯಾರೂ ನೋಡಕೂಡದು. ಆಗ ಅವನ ಹೆಂಡತಿ ಸುಭದ್ರಮ್ಮನಿಗೆ ಏಳು ತಿಂಗಳು. ಹಾರೆಯ ಮೊದಲ ಏಟಿಗೇ ಕಲ್ಲಿನ ಅಂಚಿನಿಂದ ಚಕ್ಕೆಯೊಂದು ಹಾರಿತು, ಅವನ ಜೀವ ಬಾಯಿಗೆ ಬಂತು. ಹಾರೆ ಬಿಸಾಕಿ, ಪಾಳುಬಿದ್ದ ಕೊಟ್ಟಿಗೆಯ ಹಾಸುಗಲ್ಲೊಂದನ್ನು ಗೋಣಿಗೆ ಸುತ್ತಿ ತಂದುಕೊಟ್ಟ.

ಎಣ್ಣೆ ಅರಿಸಿನ ಬಳಿದ ಮೇಲೆ ಯಾರಿಗೆ ಗುರುತು ಹತ್ತುತ್ತದೆ! ಮಗ ಮಲ್ಲಿಕ್ ಹುಟ್ಟಿದ, ಗುಂಡುಕಲ್ಲಿನಂತೆ ಬೆಳೆದ. ಕೊಟ್ಟಿಗೆಯ ಗಂಜಲ ಕುಡಿದಿದ್ದ ಆ ಕಲ್ಲಿಗೆ ಊರಿನ ಮದುಮಕ್ಕಳೆಲ್ಲ ಅಡ್ಡಬಿದ್ದರು. ಊರಲ್ಲಿ ಒಂದು ಕೂಸು ಸತ್ತರೂ ಉಜ್ಜನಪ್ಪ ಎರಡು ದಿನ ಅನ್ನ ಮುಟ್ಟುತ್ತಿರಲಿಲ್ಲ. ಸಂಜೆ ಗುಡ್ಡದ ಕಡೆ ನೋಡಿದರೆ ಅಲ್ಲಿ ಯಾರೋ ಬೆನ್ನು ಹಾಕಿ ಕೂತು ತನಗಾಗಿಯೇ ಕಾಯುತ್ತಿದ್ದಾರೆ ಅನಿಸುತ್ತಿತ್ತು. ಮತ್ತೆಂದೂ ಗುಡ್ಡ ಹತ್ತಲಿಲ್ಲ.

ಈ ವರ್ಷ ಗುಡ್ಡ ಲೇಔಟ್ ಆಗುತ್ತಿದೆ. ಮಟ್ಟ ಮಾಡುವ ಗುತ್ತಿಗೆ ಹಿಡಿದವನು ಬೇರೆ ಯಾರೂ ಅಲ್ಲ, ಮಲ್ಲಿಕ್. ಹೇಳಿದರೆ ಊರಿನ ಮೂವತ್ತೈದು ವರ್ಷದ ಹರಕೆಯೆಲ್ಲ ಮಣ್ಣುಪಾಲು. ಹೇಳದಿದ್ದರೆ ಮಗನ ಕೈ ಆ ಕಲ್ಲಿನ ಮೇಲೆ. ತಿಂಗಳಿಡೀ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ಒದ್ದಾಡಿದ ಮುದುಕ, ಒಂದು ಸೋಮವಾರ ಹೇಳಿಯೇಬಿಡುತ್ತೇನೆಂದು ಜಗಲಿಯಲ್ಲಿ ಕಾದು ಕೂತ.

ಮಧ್ಯಾಹ್ನ ಟ್ರ್ಯಾಕ್ಟರ್ ಬಂತು. ಮಲ್ಲಿಕ್ ಇಳಿದವನೇ ಒಳಗೆ ಕೂಗಿದ: "ಅವ್ವಾ, ಬಟ್ಟೆ ಒಗೆಯೋ ಕಲ್ಲು ಸವೆದೋಯ್ತು ಅಂತಿದ್ಯಲ್ಲ, ಎಂಥಾ ಕಲ್ಲು ತಂದೀನಿ ನೋಡು. ಜೆಸಿಬಿ ಕೆಟ್ಟು ನಿಂತಿತ್ತು, ಹಾರೆ ಹಾಕಿ ನಾನೇ ಕಿತ್ತೆ."

ಅಂಗಳಕ್ಕೆ ಇಳಿಸಿದ ಕಲ್ಲಿನ ಅಂಚನ್ನು ಉಜ್ಜನಪ್ಪ ಬಗ್ಗಿ ಸವರಿದ. ಚಕ್ಕೆ ಎದ್ದ ಜಾಗ ಬೆರಳಿಗೆ ಸಿಕ್ಕಿತು.

ಏಳು ತಿಂಗಳ ಬಸುರಿ ಸೊಸೆ ತನುಜಾ ಹೊರಗೆ ಬಂದು, ಕಲ್ಲಿನ ಮಣ್ಣು ಹೋಗಲೆಂದು ಒಂದು ಚೊಂಬು ನೀರು ಸುರಿದಳು. ಕಲ್ಲಿಗೆ ಇಂಗಿದ್ದ ಹಳೆಯ ಎಣ್ಣೆ ಕಪ್ಪಗೆ ಮಿಂಚಿತು.

"ಇದು ಯಾವ ಕಲ್ಲು ಮಾವ? ಯಾರೋ ಪೂಜೆ ಮಾಡಿದಂಗಿದೆ."

ಉಜ್ಜನಪ್ಪನಿಗೆ ಕೆಮ್ಮು ಬಂತು. ಈ ಸಲ ನಿಲ್ಲಲೇ ಇಲ್ಲ.