ಶೇಕಡಾ ನಲವತ್ತರ ರಾಗ್ನಾ

ಆಗಸ್ಟ್ ಕೊನೆಯ ವಾರ ನಮ್ಮ ಹೆಸ್ಟ್‌ವಾರ್ ದ್ವೀಪದ ದೋಣಿಕಟ್ಟೆಯಲ್ಲಿ ಒಬ್ಬ ವಿದ್ಯಾರ್ಥಿ ಇಳಿದೇ ಇಳಿಯುತ್ತಾನೆ, ಇಲ್ಲವೇ ಇಳಿಯುತ್ತಾಳೆ. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುವವರು ಹನ್ನೆರಡು ವಾರ ಊರಿನಲ್ಲಿದ್ದು ಕೆಲಸ ಕಲಿಯಬೇಕೆಂದು ವಿಶ್ವವಿದ್ಯಾಲಯದ ನಿಯಮ. ಬರುವಾಗ ಎಲ್ಲರ ಬೂಟೂ ಹೊಸದು, ಎಲ್ಲರಿಗೂ ಊರನ್ನು ಉದ್ಧಾರ ಮಾಡುವ ಉತ್ಸಾಹ. ಮೂರನೆಯ ವಾರ ಬಿರುಗಾಳಿಗೆ ದೋಣಿ ನಿಂತರೆ ಅರ್ಧ ಉತ್ಸಾಹ ಅಲ್ಲೇ ಕರಗುತ್ತದೆ. ಕೊನೆಗೊಂದು ವರದಿ ಬರೆದು, ರಾಗ್ನಾಳಿಂದ ಸಹಿ ಹಾಕಿಸಿಕೊಂಡು ಹೊರಟುಬಿಡುತ್ತಾರೆ. ಸಹಿ ಹಾಕಿದವಳು ಮಾತ್ರ ಇಲ್ಲೇ ಇರುತ್ತಾಳೆ.

ರಾಗ್ನಾ ಎರಡು ವರ್ಷಕ್ಕೆಂದು ನರ್ಸಾಗಿ ಬಂದವಳು. ಬಂದು ಮೂವತ್ತೊಂದು ವರ್ಷವಾಯಿತು, ಈಗ ಅವಳಿಗೆ ಐವತ್ತೊಂಬತ್ತು. ಊರಿನ ಆರೋಗ್ಯ ಸಂಯೋಜಕಿ ಎಂಬ ಹೆಸರಿದೆಯಾದರೂ ಆ ಹುದ್ದೆ ಶೇಕಡಾ ನಲವತ್ತು ಮಾತ್ರ. ಅಂದರೆ ವಾರಕ್ಕೆ ಹದಿನೈದು ಗಂಟೆ. ಉಳಿದ ಶೇಕಡಾ ಅರವತ್ತು ಶಾಲೆಯ ಗ್ರಂಥಾಲಯದಲ್ಲಿ. ನಮ್ಮ ಊರ ಮಂಡಳಿಯವರು ಹುದ್ದೆಗಳನ್ನು ಮೀನು ಹೆಚ್ಚಿದಂತೆ ಹೆಚ್ಚುತ್ತಾರೆ. ನಾನು ಬೋದಿಲ್, ಅದೇ ಮಂಡಳಿಯ ಕಚೇರಿಯಲ್ಲಿ ಮುಂದಿನ ಮೇಜಿನವಳು, ಸಭೆಯ ನಡಾವಳಿ ಬರೆಯುವವಳು. ನನ್ನದು ಶೇಕಡಾ ಎಂಬತ್ತು. ನನ್ನ ಕೋಪ ಮಾತ್ರ ಪೂರ್ತಿ ನೂರು.

ಸಮುದ್ರದಾಚೆಯ ಬೋಡೊ ಪಟ್ಟಣದಲ್ಲಿ ಸಿಗ್‌ವಾಲ್ಡ್ ಎಂಬ ವಿಧುರನಿದ್ದಾನೆ. ಗಡಿಯಾರ ರಿಪೇರಿಯವನು, ಮಿತಭಾಷಿ, ಒಳ್ಳೆಯವನು. ನಾಲ್ಕು ವರ್ಷದಿಂದ ರಾಗ್ನಾಳನ್ನು ಬಾ ಎಂದು ಕರೆಯುತ್ತಿದ್ದ. ಅವಳಿಗೂ ಹೋಗುವ ಆಸೆ ಎಷ್ಟಿತ್ತೆಂದು ನನಗೆ ಗೊತ್ತು, ಅವನ ಮನೆಯ ಅಡುಗೆಕೋಣೆಗೆ ಪರದೆ ಕೂಡ ಹೊಲಿದಿಟ್ಟಿದ್ದಳು. ಆದರೆ ಒಮ್ಮೆ ಬೆನ್ನಿನ ಶಸ್ತ್ರಚಿಕಿತ್ಸೆಗೆಂದು ಅವಳು ನಾಲ್ಕು ತಿಂಗಳು ರಜೆ ಹಾಕಿದ್ದಾಗ, ನೆರೆಮನೆಯ ಒಂಟಿ ಮುದುಕ ಪೇದರ್ ಜ್ವರದಲ್ಲಿ ನಾಲ್ಕು ದಿನ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ. ಯಾರಿಗೂ ಗೊತ್ತಾಗಿರಲಿಲ್ಲ. ಅಂದಿನಿಂದ ಅವಳ ಕಾಲು ಇಲ್ಲೇ ಹೂತುಹೋಯಿತು.

"ಶೇಕಡಾ ನಲವತ್ತರ ಕೆಲಸಕ್ಕೆ ಸಮುದ್ರ ದಾಟ್ಕೊಂಡು ಯಾರು ಬರ್ತಾರೆ ಹೇಳು?" ಎನ್ನುತ್ತಿದ್ದಳು. "ಪೂರ್ತಿ ಹುದ್ದೆ ಮಾಡ್ಲಿ, ಯಾರಾದ್ರೂ ಬಂದೇ ಬರ್ತಾರೆ. ಆವತ್ತೇ ನಾನು ಹೊರಟೆ."

ಹೋದ ವರ್ಷ ಸಿಗ್‌ವಾಲ್ಡ್ ಖಡಾಖಂಡಿತವಾಗಿ ಹೇಳಿಬಿಟ್ಟ. ಈ ಕ್ರಿಸ್‌ಮಸ್‌ಗೆ ಬಂದರೆ ಬಾ, ಇನ್ನು ಮೇಲೆ ನಾನು ಕೇಳುವುದಿಲ್ಲ ಎಂದು.

ಅದೇ ವರ್ಷ ಬಂದವಳು ಈಸೆಲಿನ್. ಇಪ್ಪತ್ನಾಲ್ಕರ ಹುಡುಗಿ, ಓಸ್ಲೊದವಳು. ಹಿಂದೆ ಬಂದವರ ಹಾಗೆ ಪೋಸ್ಟರ್ ಬರೆದು ಕಾಲ ಕಳೆಯುವವಳಲ್ಲ. ಎರಡನೆಯ ವಾರಕ್ಕೇ ಊರಿನ ನಾಡಿ ಹಿಡಿದಳು.

"ನವೆಂಬರ್‌ನಲ್ಲಿ ಮಂಡಳಿ ಸಭೆ ಇದೆಯಲ್ಲ, ನನ್ನ ವರದಿ ಅಲ್ಲೇ ಇಡ್ತೀನಿ" ಎಂದಳು. "ರಾಗ್ನಾ, ನೀವು ಆರು ವಾರ ದಿನಾ ಎಷ್ಟು ಗಂಟೆ ಕೆಲಸ ಮಾಡಿದ್ರಿ ಅಂತ ಬರ್ದಿಡಿ. ಅಂಕಿ ಮುಂದಿಟ್ರೆ ಯಾರೂ ಇಲ್ಲ ಅನ್ನೋಕಾಗಲ್ಲ. ಪೂರ್ತಿ ಹುದ್ದೆ ಕೇಳೋಣ."

ರಾಗ್ನಾಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಈ ಸಲ ಬಿಡುಗಡೆ ಖಂಡಿತ ಎಂದು ನನಗೂ ಅನಿಸಿತು.

ನಾಲ್ಕನೆಯ ವಾರ ರಾಗ್ನಾ ಗಂಟೆ ಬರೆದಿಡುತ್ತಿದ್ದ ಪುಸ್ತಕ ನನ್ನ ಮೇಜಿನ ಮೇಲಿತ್ತು. ತೆರೆದು ನೋಡಿದೆ. ಮಂಗಳವಾರ, ಮೂರು ಗಂಟೆ. ನನ್ನ ಪಿತ್ತ ನೆತ್ತಿಗೇರಿತು, ರಾಗ್ನಾಳನ್ನು ಕರೆದು ಕೇಳಿದೆ.

"ಏನೇ ಇದು? ಮಂಗಳವಾರ ಬೆಳಿಗ್ಗೆ ಆರಕ್ಕೇ ಶಾಲೆಗೆ ಹೋಗಿ ಮಕ್ಕಳಿಗೆ ಗಂಜಿ ಕಾಯಿಸ್ದೆಯಲ್ಲ, ಅದೆಲ್ಲಿ?"

"ಅದು ದುಗ್ನಾದ್ ಕಣೇ."

ದುಗ್ನಾದ್ ಎಂದರೆ ಊರಿಗಾಗಿ ಎಲ್ಲರೂ ಕೈಜೋಡಿಸಿ ಮಾಡುವ ಕೆಲಸ. ದೋಣಿಕಟ್ಟೆಗೆ ಬಣ್ಣ ಬಳಿಯುವುದು, ಶಾಲೆಯ ಅಂಗಳ ಗುಡಿಸುವುದು, ಇಂಥದ್ದು. ಅದಕ್ಕೆ ಸಂಬಳವಿಲ್ಲ, ಅದನ್ನು ಗಂಟೆಯ ಲೆಕ್ಕಕ್ಕೆ ಹಿಡಿಯುವವರನ್ನು ಇಲ್ಲಿ ಯಾರೂ ಕಾಫಿಗೂ ಕರೆಯುವುದಿಲ್ಲ.

"ದುಗ್ನಾದ್‌ಗೆ ಹತ್ತು ಜನ ಬರ್ತಾರೆ. ಅಲ್ಲಿ ಸೌಟು ಹಿಡಿಯೋಳು ನೀನೊಬ್ಳೇ. ಸಂಜೆ ಪೇದರ್ ಮನೆಗೆ ಹೋಗಿ ಮಾತ್ರೆ ನುಂಗಿಸಿ ಬಂದೆಯಲ್ಲ, ಅದೂ ದುಗ್ನಾದೇ?"

"ಅವ್ನು ಅಕ್ಕಪಕ್ಕದವ್ನು. ಕಾಫಿ ಕುಡಿಯೋಕೆ ಹೋಗಿದ್ದೆ."

"ಬಾಣಂತಿಯರನ್ನ ವಾಕಿಂಗ್ ಕರ್ಕೊಂಡು ಹೋಗಿದ್ದು?"

"ನಂಗೂ ನಡೀಬೇಕಲ್ವಾ? ಸುಮ್ನಿರೇ ಬೋದಿಲ್. ಕಾಫಿ ಕುಡ್ದಿದ್ದನ್ನ ಕೆಲಸ ಅಂತ ಬರ್ದ್ರೆ, ಪೇದರ್ ಮುಖ ಹೇಗೆ ನೋಡ್ಲಿ?"

ಈಸೆಲಿನ್‌ಗೂ ಅನುಮಾನ ಬಂದಿತ್ತು. ಇಷ್ಟೇನಾ ಎಂದು ಎರಡು ಸಲ ಕೇಳಿದಳು. ಅಷ್ಟೇ ಮಗೂ, ಎಲ್ಲ ಚೆನ್ನಾಗಿ ನಡೀತಿದೆ ಎಂದಳು ಈ ಪುಣ್ಯಾತ್ಗಿತ್ತಿ. ಹುಡುಗಿ ಪ್ರಾಮಾಣಿಕಳು, ಕೊಟ್ಟ ಅಂಕಿಯನ್ನು ತಿದ್ದಲಿಲ್ಲ. ಪೂರ್ತಿ ಹುದ್ದೆ ಬೇಕೆಂಬ ಮನವಿ ಕೊನೆಯ ಪುಟದಲ್ಲಿತ್ತು. ಅದಕ್ಕೆ ಆಧಾರವಾಗಬೇಕಾದ ಅಂಕಿ ಮಾತ್ರ ವಾರಕ್ಕೆ ಹದಿಮೂರೂವರೆ ಗಂಟೆ.

ನವೆಂಬರ್ ಹದಿನಾಲ್ಕರ ಮಧ್ಯಾಹ್ನ ಸಭೆ. ಅರ್ಧ ಊರೇ ಬಂದು ಕುಳಿತಿತ್ತು. ಪೇದರ್ ಕೂಡ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿದ್ದ. ಈಸೆಲಿನ್ ಗೋಡೆಯ ಮೇಲೆ ಪಟ್ಟಿ ತೋರಿಸಿದಳು. ಅಧ್ಯಕ್ಷ ಆರ್ನ್‌ಫಿನ್ ಕನ್ನಡಕ ಏರಿಸಿ ಕೊನೆಯ ಸಾಲನ್ನು ಎರಡು ಸಲ ಓದಿದ.

"ಅಲ್ಲಮ್ಮಾ, ಇಡೀ ಊರಿನ ಆರೋಗ್ಯ ಹದಿಮೂರೂವರೆ ಗಂಟೇಲಿ ನಡೀತಿದೆ ಅಂತ ನೀನೇ ತೋರಿಸ್ತಿದ್ದೀಯ. ಮತ್ತೆ ಪೂರ್ತಿ ಹುದ್ದೆ ಯಾಕೆ? ಲೆಕ್ಕ ನೋಡಿದ್ರೆ ಒಂದೂವರೆ ಗಂಟೆ ಮಿಗ್ತಾನೇ ಇದೆ!" ಎಂದು ನಕ್ಕ. ಸಭೆಯೂ ನಕ್ಕಿತು. ಆಮೇಲೆ ಅವನು ತಿರುಗಿ, "ರಾಗ್ನಾ, ನೀನು ನಮ್ಮೂರಿನ ಬಂಗಾರ ಕಣಮ್ಮಾ. ಈ ಅಂಕಿ ಸರಿಯಾಗಿದೆ ತಾನೇ?" ಎಂದು ಕೇಳಿದ.

ರಾಗ್ನಾ ಎದ್ದು ನಿಂತಳು. ಇಲ್ಲ ಎಂದಿದ್ದರೆ ಸಾಕಿತ್ತು, ಉಳಿದದ್ದನ್ನು ಆ ಹುಡುಗಿ ನೋಡಿಕೊಳ್ಳುತ್ತಿದ್ದಳು. ಆದರೆ ಎದುರಿಗೆ ಪೇದರ್ ಕುಳಿತು ಹೆಮ್ಮೆಯಿಂದ ಅವಳನ್ನೇ ನೋಡುತ್ತಿದ್ದ. ಇಲ್ಲ ಎಂದರೆ, ಅಷ್ಟು ವರ್ಷ ಅವನ ಮನೆಗೆ ಹೋದದ್ದು ಕೆಲಸಕ್ಕೆ, ಗೆಳೆತನಕ್ಕಲ್ಲ ಎಂದು ಅವನ ಮುಂದೆಯೇ ಹೇಳಿದಂತಾಗುತ್ತಿತ್ತು. ನಡಾವಳಿ ಬರೆಯುವವಳು ಸಭೆಯಲ್ಲಿ ಮಾತಾಡುವಂತಿಲ್ಲ. ಆದರೂ ನಾನು ಪೆನ್ನು ಬಿಸಾಕಿ ಕೂಗಬಹುದಿತ್ತು. ಕೂಗಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

"ಸರಿಯಾಗಿದೆ" ಎಂದಳು ರಾಗ್ನಾ.

ಚಪ್ಪಾಳೆ ಬಿತ್ತು. ಹುದ್ದೆ ಶೇಕಡಾ ನಲವತ್ತರಲ್ಲೇ ಮುಂದುವರಿಯಲಿ, ಮಿಕ್ಕ ಒಂದೂವರೆ ಗಂಟೆಯಲ್ಲಿ ಬಂದರಿನ ಸುರಕ್ಷತೆಯನ್ನೂ ಅವಳೇ ನೋಡಿಕೊಳ್ಳಲಿ ಎಂದು ಒಮ್ಮತದಿಂದ ತೀರ್ಮಾನವಾಯಿತು. ಅವಳ ಗೌರವಕ್ಕೆಂದು ಕೆನೆ ತುಂಬಿದ ಕೇಕು ತರಿಸಿದ್ದರು. ಕತ್ತರಿಸಿ ಎಲ್ಲರಿಗೂ ಹಂಚಿದವಳೂ ಅವಳೇ.

ಜನ ಹೋದ ಮೇಲೆ ಈಸೆಲಿನ್ ನನ್ನ ಮೇಜಿನ ಬಳಿ ನಿಂತಿದ್ದ ರಾಗ್ನಾಳ ಮುಂದೆ ಬಂದು ಬಿಕ್ಕಿಬಿಕ್ಕಿ ಅತ್ತಳು. "ಸುಳ್ಳು ಯಾಕೆ ಹೇಳಿದ್ರಿ? ನಿಮಗೋಸ್ಕರ ಬರೆದಿದ್ದು ನಾನು!" ರಾಗ್ನಾ ಅವಳ ಮೂಗು ಒರೆಸಿ, ತೇರ್ಗಡೆ ಪತ್ರಕ್ಕೆ ಸಹಿ ಹಾಕಿ, ಕೆಲಸ ಅತ್ಯುತ್ತಮ ಎಂದು ಬರೆದು ಕೊಟ್ಟಳು.

ಆಮೇಲೆ ನನ್ನ ಪಕ್ಕದಲ್ಲೇ ಕುಳಿತು ಸಿಗ್‌ವಾಲ್ಡ್‌ಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಅವನ ದನಿ ನನಗೂ ಕೇಳುತ್ತಿತ್ತು.

"ಒಂದು ಮಾತು ಹೇಳಿದ್ರೆ ಆಗ್ತಿತ್ತಾ?"

"ಆಗ್ತಿತ್ತು."

"ಹಾಗಾದ್ರೆ ನಿನ್ನನ್ನ ಹಿಡ್ಕೊಂಡಿರೋದು ಅವರಲ್ಲ, ರಾಗ್ನಾ" ಎಂದ. ಸಿಟ್ಟಿರಲಿಲ್ಲ. ಆರೋಗ್ಯ ನೋಡಿಕೋ ಎಂದು ಹೇಳಿ ಫೋನಿಟ್ಟ.

ಅವಳು ಕಿಟಕಿಯ ಕಡೆಗೆ ತಿರುಗಿದಳು. ಹೊರಗೆ ಮೂರು ಗಂಟೆಗೇ ಕತ್ತಲಾಗಿತ್ತು.

"ಅವ್ನು ಹೇಳಿದ್ದು ನಿಜಾನಾ, ಬೋದಿಲ್?"

"ನಿಜ ಕಣೇ" ಎಂದೆ. ಆ ದಿನ ನಾನಾಡಿದ ಒಂದೇ ಒಂದು ಸತ್ಯ ಅದು, ಅದೂ ಹೊತ್ತು ಮೀರಿದ ಮೇಲೆ.

ಅವಳು ತಲೆಯಾಡಿಸಿ ಎದ್ದು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು. ಬಾಗಿಲ ಬಳಿ ನಿಂತು, ಮುಂದಿನ ವರ್ಷದ ವಿದ್ಯಾರ್ಥಿಯ ಬಗ್ಗೆ ವಿಶ್ವವಿದ್ಯಾಲಯದಿಂದ ಕಾಗದ ಬಂದಿದೆಯಾ ಎಂದು ಕೇಳಿದಳು. ಬಂದಿದೆ ಎಂದೆ.

"ಕಳಿಸಿ, ನಾನಿರ್ತೀನಿ ಅಂತ ಬರಿ" ಎಂದಳು.