ಲೋಡ್ ಇಳಿಸಿ ಬನ್ನಿ

ಸ್ನೇಹಿತರೇ, ಈಗಷ್ಟೇ ಸರ್ವಿಸ್ ಸೆಂಟರಿನಿಂದ ಬಂದೆ. ಮೈ ಇನ್ನೂ ಉರಿಯುತ್ತಿದೆ.

ನಮ್ಮ ಶಾಮಿಯಾನ ಅಂಗಡಿಯ ಪಿಕಪ್‌ಗೆ ಹದಿಮೂರು ವರ್ಷ. ಲೋಡ್ ಇದ್ದಾಗ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಶೋರೂಮಿನವರ ಆ ಸರ್ವಿಸ್ ಸೆಂಟರಿನಲ್ಲಿ ಎರಡು ಸಲ ಬಿಟ್ಟೆ. ಎರಡು ಸಲವೂ ಖಾಲಿ ಗಾಡಿಯನ್ನು ಒಂದು ಸುತ್ತು ಓಡಿಸಿ, ತೊಳೆದು, ಟೈರಿಗೆ ಪಾಲಿಶ್ ಬಳಿದು, ಜಾಬ್ ಕಾರ್ಡಿನಲ್ಲಿ ‘ಬ್ರೇಕ್ ಓಕೆ’ ಎಂದು ಬರೆದು ಕೊಟ್ಟರು. ನಿನ್ನೆ ಅರೆಕೆರೆಯಲ್ಲಿ ಆಟೋ ಒಂದಕ್ಕೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು.

ಅದಕ್ಕೇ ಇವತ್ತು ಕುರ್ಚಿ, ಕಬ್ಬಿಣದ ಕಂಬ, ಅಡುಗೆ ಪಾತ್ರೆ ಎಲ್ಲ ಹೇರಿಕೊಂಡೇ ಮೆಲ್ಲಗೆ ಅಲ್ಲಿಗೆ ಹೋದೆ. ಆ ಎರಡು ಸಲವೂ ಗಾಡಿ ನೋಡಿಕೊಂಡಿದ್ದ ಸರ್ವಿಸ್ ಅಡ್ವೈಸರ್ ಗೇಟಿನಲ್ಲೇ ತಡೆದರು.

“ಲೋಡ್ ಇಳಿಸಿ ಬನ್ನಿ ಸಾರ್. ಲೋಡ್ ಗಾಡಿ ಒಳಗೆ ಬಿಡಲ್ಲ, ರೂಲ್ಸು.”

“ಲೋಡ್ ಇದ್ರೇನೇ ಕಣ್ರೀ ಕಂಪ್ಲೇಂಟ್ ಗೊತ್ತಾಗೋದು!”

“ಖಾಲಿ ಗಾಡೀಲಿ ಏನೂ ಪ್ರಾಬ್ಲಮ್ ಇಲ್ವಲ್ಲ ಸಾರ್. ಹಳೇ ಗಾಡಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಇಲ್ಲಾಂದ್ರೆ ಎಕ್ಸ್‌ಚೇಂಜ್‌ಗೆ ಕೊಟ್ಬಿಡಿ, ಸಖತ್ ಆಫರ್ ಇದೆ.”

ಪಿತ್ತ ನೆತ್ತಿಗೇರಿತು. ಎಡಗಡೆಯ ಬಾಗಿಲು ತೆಗೆದು ಹಿಡಿದೆ.

“ಹತ್ರಿ ಸ್ವಾಮಿ. ಸಿಗ್ನಲ್‌ವರೆಗೂ ಹೋಗಿ ಬರೋಣ, ನೀವೇ ನೋಡಿ.”

ಅವರು ಎರಡು ಹೆಜ್ಜೆ ಹಿಂದೆ ಸರಿದರು.

“ಅಯ್ಯೋ, ಬೇಡ ಸಾರ್. ಬ್ರೇಕ್ ಸರಿಯಿಲ್ಲ ಅಂತ ನೀವೇ ಹೇಳ್ತಿದ್ದೀರಲ್ಲ! ಮನೇಲಿ ಹೆಂಡ್ತಿ ಮಕ್ಳಿದ್ದಾರೆ.”

ಆ ಎರಡೂ ಜಾಬ್ ಕಾರ್ಡುಗಳ ಕೆಳಗೆ ಇರುವುದು ಅವರದೇ ಸಹಿ. ಗಾಡಿ ಓಡಿಸುವವನಿಗೆ ಹೆಂಡತಿ ಮಕ್ಕಳು ಇರುವುದಿಲ್ಲ ಎಂದುಕೊಂಡು ಹಾಕಿರಬೇಕು.