ಆಟ ನಿಲ್ಲಿಸಬ್ಯಾಡ್ರಿ ಎಂದ ಟೀಚರ್

ಮಗಳು ಊಟದ ಡಬ್ಬಿ ಮರೆತು ಹೋಗಿದ್ದಳೆಂದು ಹೋದ ತಿಂಗಳು ಅವಳ ಶಾಲೆಗೆ ಹೋಗಿದ್ದೆ. ಕ್ರೀಡಾಕೂಟದ ತಯಾರಿ ನಡೆದಿತ್ತು. ನೀರು ಚಿಮುಕಿಸಿದ ಮೈದಾನದ ಮೇಲೆ ಒಬ್ಬಾತ ತಗಡಿನ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ ಗೆರೆ ಎಳೆಯುತ್ತಿದ್ದ. ಒದ್ದೆ ಮಣ್ಣು ಮತ್ತು ಸುಣ್ಣ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗೇಟಿನ ಬಳಿಯೇ ನಿಂತುಬಿಟ್ಟೆ. ನಮ್ಮ ಪಿ.ಟಿ. ಟೀಚರ್ ನೆನಪಾದರು...

ಆಗ ನಾನು ಹೊಳಲ್ಕೆರೆ ತಾಲ್ಲೂಕಿನ ನಮ್ಮೂರ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಹುಡುಗಿಯರಿಗೆ ಆಟವೆಂಬುದು ಪ್ರೈಮರಿ ಶಾಲೆಗೇ ಮುಗಿದುಹೋಗುತ್ತಿದ್ದ ಕಾಲ. ಪಿ.ಟಿ. ಪೀರಿಯಡ್ಡೆಂದರೆ ಹುಣಸೆ ಮರದ ಕೆಳಗೆ ಕೂತು ಹರಟೆ ಹೊಡೆಯುವುದು. ಹುಡುಗರು ವಾಲಿಬಾಲ್ ಆಡುತ್ತಿದ್ದರು. ಚೆಂಡು ನಮ್ಮ ಕಡೆ ಉರುಳಿ ಬಂದರೆ ಎತ್ತಿ ಎಸೆಯುವುದಷ್ಟೇ ನಮ್ಮ ಪಾಲಿನ ಆಟ. ಆ ವರ್ಷ ಈ ಟೀಚರ್ ಬಂದರು. ಹಿರಿಯೂರು ಕಡೆಯ ಹರಿಯಬ್ಬೆಯವರು, ಕುರಿ ಸಾಕುವ ಮನೆತನದವರು. ಎತ್ತರದ ಒಣಕಲು ಮೈ, ಚೂಡಿದಾರದ ಮೇಲೆ ಅಣ್ಣನದೋ ಯಾರದೋ ದೊಗಲೆ ಟ್ರ್ಯಾಕ್‌ಸೂಟಿನ ಅಂಗಿ, ಕೊರಳಲ್ಲಿ ಸೀಟಿ. ಮೊದಲನೇ ದಿನವೇ ಹುಣಸೆ ಮರದ ಕೆಳಗೆ ಬಂದು ನಿಂತು, "ಏಳ್ರೇ ಮ್ಯಾಕೆ. ಮುದುಕೀರಾದ ಮ್ಯಾಲೆ ಕುಂತ್ಕಳಾಕೆ ಬೇಕಾದಷ್ಟು ಟೈಮೈತೆ," ಎಂದರು.

ಹಾಗೆ ನಮ್ಮ ಊರಿಗೆ ಖೋ-ಖೋ ಬಂತು.

ಅವರು ಬಾಳ ಕಟ್ಟುನಿಟ್ಟು. ಮಂಡಿ ತರಚಿ ರಕ್ತ ಬಂದರೂ ಅಳುವಂತಿರಲಿಲ್ಲ. ಕಂಬದ ಬಳಿ ಡೈವ್ ಹೊಡೆಯಲು ಹೆದರಿದವರನ್ನು ಮತ್ತೆ ಮತ್ತೆ ಓಡಿಸುತ್ತಿದ್ದರು. ಮಗಳು ಮೈಕೈ ಮುರಿದುಕೊಂಡಾಳೆಂದು ಜಗಳಕ್ಕೆ ಬಂದ ತಾಯಿಯೊಬ್ಬಳಿಗೆ, "ಕಟ್ಟಿಗೆ ಹೊರೆ ಹೊತ್ತು ಬರೋವಾಗ ಮುರಿಯಂಗಿಲ್ವೇನಕ್ಕ?" ಎಂದು ನಗುತ್ತಲೇ ಕೇಳಿ ವಾಪಸು ಕಳಿಸಿದ್ದರು. ಇಷ್ಟು ಗಟ್ಟಿಗಿತ್ತಿ ಕೆಲವಕ್ಕೆ ಮಾತ್ರ ವಿಚಿತ್ರವಾಗಿ ಹಿಂಜರಿಯುತ್ತಿದ್ದರು. ಸೈಕಲ್ ಹತ್ತುತ್ತಿರಲಿಲ್ಲ, ಬಾವಿಯ ಹತ್ತಿರ ಬರುತ್ತಿರಲಿಲ್ಲ. ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಅವರು ಬಾಡಿಗೆಗಿದ್ದದ್ದು. ಸ್ನಾನಕ್ಕೆ ಹೋಗುವಾಗ ಬಚ್ಚಲಿನ ಚಿಲಕ ಹಾಕಿಕೊಳ್ಳದೆ, "ಅಕ್ಕಾ, ಒಂಚೂರು ಈ ಕಡೆ ನೋಡ್ಕೊಂಡಿರ್ರಿ," ಎಂದು ನಮ್ಮಮ್ಮನಿಗೆ ಕೂಗಿ ಹೇಳುತ್ತಿದ್ದರು. ಹೊಸ ಊರು, ಒಂಟಿ ಹೆಣ್ಣು, ಅದಕ್ಕೇ ಹೆದರುತ್ತಾರೆ ಎಂದುಕೊಂಡಿದ್ದೆವು.

ನಾನು ಹತ್ತನೇ ಕ್ಲಾಸಿಗೆ ಬಂದಾಗ ನಮ್ಮ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದಿತು. ಚಿತ್ರದುರ್ಗದಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಸಂಜೆ ಕತ್ತಲಾಗುವ ತನಕ ಅಭ್ಯಾಸ ನಡೆಯುತ್ತಿತ್ತು. ಅಂಥದೊಂದು ಸಂಜೆ ಟೀಚರ್ ಸೀಟಿ ಊದಿದರು. ಸದ್ದು ಅರ್ಧಕ್ಕೇ ನಿಂತಿತು. ತಿರುಗಿ ನೋಡುವಷ್ಟರಲ್ಲಿ ಅವರು ನೆಲಕ್ಕೆ ಬಿದ್ದಿದ್ದರು. ಕೈಕಾಲು ಸೆಟೆದು ಮೈಯೆಲ್ಲ ಅದುರುತ್ತಿತ್ತು, ಬಾಯಲ್ಲಿ ನೊರೆ. ನಾವು ಕಿರುಚಿದ್ದಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ಓಡಿ ಬಂದರು. ಒಬ್ಬರು ಕೈಗೆ ಬೀಗದ ಕೈ ಗೊಂಚಲು ತುರುಕಿದರು, ಇನ್ನೊಬ್ಬರು ಮೂಗಿಗೆ ಚಪ್ಪಲಿ ಹಿಡಿದರು. "ಗಾಳಿ ಸೋಕೈತೆ," ಎಂದಿತು ಒಂದು ದನಿ. ಅದುರುವುದು ನಿಂತಾಗ ಟೀಚರ್ ಬಟ್ಟೆ ಒದ್ದೆಯಾಗಿತ್ತು. ಅಷ್ಟೊಂದು ಗಂಡಸರು ಸುತ್ತ ನಿಂತಿದ್ದರು. ನನ್ನ ಗೆಳತಿ ರತ್ನಳಿಗೆ ಏನನ್ನಿಸಿತೋ, ತನ್ನ ಯೂನಿಫಾರಂ ವೇಲ್ ತೆಗೆದು ಅವರ ಸೊಂಟದ ಮೇಲೆ ಹೊದಿಸಿದಳು.

ಕಣ್ಣುಬಿಟ್ಟ ಟೀಚರ್ ಮೊದಲು ಜನರನ್ನು ನೋಡಿದರು, ಆಮೇಲೆ ಆ ವೇಲನ್ನು ನೋಡಿದರು. ನನ್ನ ಹೆಗಲು ಹಿಡಿದುಕೊಂಡು ಮನೆತನಕ ನಡೆದು ಬಂದರು. ಬಾಗಿಲು ಹಾಕಿಕೊಂಡರು.

ಕೆಲವು ದಿನ ಅವರು ಶಾಲೆಗೆ ಬರಲಿಲ್ಲ. ಅಮ್ಮ ಕೊಟ್ಟ ಗಂಜಿಯನ್ನು ಮಾತ್ರ ಕಿಟಕಿಯಿಂದ ತೆಗೆದುಕೊಳ್ಳುತ್ತಿದ್ದರು. ಊರಲ್ಲಿ ಬರೀ ಇದೇ ಮಾತು. ಪಿಡ್ಸು ಇರೋರನ್ನ ಮಕ್ಕಳ ಶಾಲೆಗೆ ಯಾಕೆ ಹಾಕಿದರು, ಬೇರೆ ಕಡೆಗೆ ವರ್ಗ ಮಾಡಿಸೋಣ ಎಂದವರಿದ್ದರು. ಒಳ್ಳೆಯವರಾದರೂ ಪುಕ್ಕಲು ಸ್ವಭಾವದ ಹೆಡ್‌ಮಾಸ್ಟರು, ತಂಡದ ಜೊತೆ ಬೇರೆ ಮೇಷ್ಟ್ರನ್ನು ಕಳಿಸುತ್ತೇನೆ ಎಂದರು. ಅಪ್ಪ ನನ್ನನ್ನು ಕೂರಿಸಿಕೊಂಡು, "ಆಟನೂ ಬ್ಯಾಡ ಏನೂ ಬ್ಯಾಡ. ದಾರಿಯಾಗೆ ಆಯಮ್ಮನಿಗೆ ಹಂಗಾದ್ರೆ ನಿಮ್ಮನ್ನ ಯಾರು ನೋಡ್ಕತ್ತಾರೆ?" ಎಂದ.

ಟೀಚರ್ ಮತ್ತೆ ಶಾಲೆಗೆ ಬಂದ ದಿನ ನಮ್ಮನ್ನೆಲ್ಲ ಹುಣಸೆ ಮರದ ಕೆಳಗೆ ಕರೆದರು. ಯಾವತ್ತೂ ಕೂರದವರು ಅವತ್ತು ನೆಲದ ಮೇಲೆ ನಮ್ಮ ನಡುವೆ ಕೂತರು. "ನನಗೆ ಫಿಟ್ಸ್ ಐತೆ. ನಿಮಗಿಂತ ಸಣ್ಣಾಕಿ ಇದ್ದಾಗಿಂದ ಐತೆ. ದಿನಾ ಮಾತ್ರೆ ನುಂಗ್ತೀನಿ, ಆದ್ರೂ ಒಂದೊಂದು ಸಲ ಬರ್ತೈತೆ," ಎಂದರು. ತೋಳಿನ ಮೇಲಿನ ಕಲೆ ತೋರಿಸಿದರು. ಬೈಕಿನ ಸೈಲೆನ್ಸರ್ ತಗುಲಿದ್ದು ಎಂದು ನಮಗೆ ಹೇಳಿದ್ದ ಕಲೆ ಅದು. ನಿಜವಾಗಿ ಒಲೆಯ ಮುಂದೆ ಬಿದ್ದು ಸುಟ್ಟದ್ದು. "ಬರೋಕೆ ಮುಂಚೆ ಒಂದೊಂದು ಸಲ ಸುಟ್ಟ ಉಣ್ಣೆ ವಾಸನೆ ಬಂದಂಗಾಗ್ತೈತೆ. ಯಾವಾಗ್ಲೂ ಗೊತ್ತಾಗಲ್ಲ. ಅದಕ್ಕೆ ಏನು ಮಾಡ್ಬೇಕು ಅಂತ ನೀವು ಕಲೀರಿ."

ಆಟ ಕಲಿಸಿದ ಹಾಗೆಯೇ ಅದನ್ನೂ ಕಲಿಸಿದರು. ರತ್ನಳನ್ನು ನೆಲದ ಮೇಲೆ ಮಲಗಿಸಿದರು. ರತ್ನ ಕೈಕಾಲು ಬಡಿದು ಅದುರತೊಡಗಿದಾಗ, "ಲೇ, ನಾನೇನು ಅಷ್ಟು ಕುಣಿಯಂಗಿಲ್ಲ ಸುಮ್ನಿರು," ಎಂದರು. ಅಷ್ಟು ದಿನ ಉಸಿರು ಬಿಗಿಹಿಡಿದಿದ್ದ ನಾವೆಲ್ಲ ಒಮ್ಮೆಲೇ ನಕ್ಕುಬಿಟ್ಟೆವು. ಅವರೂ ನಕ್ಕರು. ಆಮೇಲೆ ಒಂದೊಂದೇ ಹೇಳುತ್ತ ಹೋದರು. "ಗಟ್ಟಿ ಹಿಡ್ಕಬ್ಯಾಡ್ರಿ. ಬಾಯಾಗೆ ಏನೂ ತುರುಕಬ್ಯಾಡ್ರಿ. ತಲೆ ಕೆಳಗೆ ಮೆತ್ತಗಿಂದು ಏನಾರ ಇಡ್ರಿ. ಹಿಂಗೆ ಪಕ್ಕಕ್ಕೆ ಹೊರಳಿಸ್ರಿ. ಜನ ಬಂದ್ರೆ ದೂರ ಕಳಿಸ್ರಿ. ಆಮೇಲೆ..."

ಅವರು ರತ್ನಳ ವೇಲಿನ ಕಡೆ ನೋಡಿದರು.

"ಆಮೇಲೆ ಮ್ಯಾಲೊಂದು ಬಟ್ಟೆ ಹೊದಿಸ್ರಿ ನನಗೆ," ಎಂದವರು ಮುಖ ಮುಚ್ಚಿಕೊಂಡು ಅತ್ತರು. ನಮಗೆ ಅಳಬೇಡಿರೆಂದು ಬೈಯುತ್ತಿದ್ದ ಟೀಚರ್. ಸ್ವಲ್ಪ ಹೊತ್ತಿಗೆ ಅವರೇ ಮೂಗು ಒರೆಸಿಕೊಂಡು, "ಏಳ್ರಿ, ಇನ್ನೊಂದು ಸಲ ಮಾಡಾಣ," ಎಂದರು.

ಅದೇ ವಾರ ಅವರು ಹುಡುಗಿಯರ ಮನೆಮನೆಗೆ ಹೋದರು. ನಮ್ಮ ಮನೆಗೂ ಬಂದರು. ಹಿಂದಿನ ಕೋಣೆಯಿಂದ ಹಿತ್ತಲ ಬಾಗಿಲಲ್ಲಿ ಬರುತ್ತಿದ್ದವರು ಅವತ್ತು ಸುತ್ತಿ ಬಂದು ಮುಂಬಾಗಿಲಲ್ಲಿ ನಿಂತರು. ಅಮ್ಮ, "ಬರ್ರಿ ಟೀಚರ್, ಕುಂತ್ಕಳ್ರಿ," ಎಂದರೂ ಕೂರಲಿಲ್ಲ. ವೇಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಪ್ಪನಿಗೆ ಹೇಳಿದರು.

"ಅಣ್ಣಾ, ನನಗೆ ಹಂಗಾಗಂಗಿಲ್ಲ ಅಂತ ಮಾತು ಕೊಡಾಕೆ ಬರಲ್ಲ. ಆದ್ರೆ ಏನು ಮಾಡ್ಬೇಕು ಅಂತ ಹುಡುಗೀರಿಗೆ ಗೊತ್ತೈತೆ. ಹಿಂದಿ ಮೇಡಂ ಜತಿಗೆ ಬರ್ತಾರೆ. ಇವರು ಗೆಲ್ಲೋ ಹುಡುಗೀರು ಅಣ್ಣಾ, ನನ್ನಿಂದ ಇವರ ಆಟ ನಿಲ್ಲಬಾರದು. ನಾನು ಬರಾದೇ ಬ್ಯಾಡ ಅಂದ್ರೆ ಬರಲ್ಲ. ಹುಡುಗೀನ ಮಾತ್ರ ಕಳಿಸ್ರಿ."

ಒಳಗಿಂದ ಅಮ್ಮನೇ ಮಾತಾಡಿದಳು. "ನೀವು ಬರ್ದೆ ಇನ್ಯಾರು ಬರ್ತಾರೆ? ನಾನೂ ಬರ್ತೀನಿ ತಗಳ್ರಿ. ದುರ್ಗ ನೋಡಿ ಬಾಳ ದಿನ ಆತು." ಅಪ್ಪ ತಿರುಗಿ ಅಮ್ಮನನ್ನು ನೋಡಿದ. ಆಮೇಲೆ ಅವನು ಬೇಡ ಎನ್ನಲಿಲ್ಲ. ನಮ್ಮಮ್ಮ ಹೊರಟಳೆಂದು ಗೊತ್ತಾದ ಮೇಲೆ ಉಳಿದ ಮನೆಗಳೂ ಒಂದೊಂದೇ ಮೆತ್ತಗಾದವು. ಇಬ್ಬರು ಹುಡುಗಿಯರನ್ನು ಮಾತ್ರ ಕೊನೆಗೂ ಕಳಿಸಲಿಲ್ಲ.

ದುರ್ಗದಲ್ಲಿ ನಾವು ಫೈನಲ್‌ವರೆಗೂ ಬಂದೆವು. ಹಿಂದಿನ ರಾತ್ರಿ ಹೊಸ ಜಾಗದಲ್ಲಿ ಟೀಚರ್ ನಿದ್ದೆ ಮಾಡಿರಲಿಲ್ಲವಂತೆ. ಬೆಳಿಗ್ಗೆಯಿಂದಲೇ ಮುಖ ಬಾಡಿತ್ತು. ನಾವು ಅಟ್ಟುವ ಸರದಿ ನಡೆದಿತ್ತು. ಖೋ-ಖೋದಲ್ಲಿ ಸಾಲಾಗಿ ಕೂತವರು ಒಬ್ಬರು ಈ ಕಡೆಗೆ, ಪಕ್ಕದವರು ಆ ಕಡೆಗೆ ಮುಖ ಮಾಡಿರುತ್ತಾರೆ. ನನ್ನ ಮುಖ ಟೀಚರ್ ನಿಂತಿದ್ದ ಕಡೆಗಿತ್ತು. ಅವರು ಅಮ್ಮನ ಕಡೆ ತಿರುಗಿ ಏನೋ ಹೇಳಿದ್ದನ್ನು, ನಿಧಾನವಾಗಿ ನೆಲಕ್ಕೆ ಕೂತದ್ದನ್ನು ಕಂಡೆ. ಉಣ್ಣೆ ಸುಟ್ಟ ವಾಸನೆ ಬರ್ತೈತೆ ಅಕ್ಕ, ಆಟ ನಿಲ್ಲಿಸಬ್ಯಾಡ್ರಿ ಅಂತ ಹೇಳ್ರಿ ಹುಡುಗೀರಿಗೆ... ಅಂದಿದ್ದರಂತೆ. ನನ್ನ ಪಕ್ಕದವಳ ಬೆನ್ನು ಆ ಕಡೆಗಿತ್ತು, ಅವಳಿಗೆ ಏನೂ ತಿಳಿಯಲಿಲ್ಲ. ಕಂಡವರು ನಾವು ಕಾಣದವರಿಗೆ ಹೇಳಲಿಲ್ಲ. ಕಾಲು ಉಳುಕಿ ಹೊರಗೆ ಕೂತಿದ್ದ ರತ್ನ ಕುಂಟುತ್ತ ಓಡಿದಳು, ಟೀಚರನ್ನು ಪಕ್ಕಕ್ಕೆ ಹೊರಳಿಸಿದಳು. ಗಾಬರಿಯಾಗಿ ನಿಂತ ಹಿಂದಿ ಮೇಡಂ ಕೈಯಿಂದ ಚೀಲ ಕಿತ್ತುಕೊಂಡು ಟೀಚರ್ ತಲೆಯ ಕೆಳಗಿಟ್ಟಳು. ಅಮ್ಮ ಹೊದ್ದಿದ್ದ ಶಾಲು ತೆಗೆದು ಹೊದಿಸಿ, ಮುತ್ತಿಕೊಂಡ ಜನರೆದುರು ಎರಡೂ ಕೈ ಚಾಚಿ ನಿಂತಳು. "ಯಾರೂ ಬರಬ್ಯಾಡ್ರಿ! ಹಿಂದಕ್ಕೆ ಹೋಗ್ರಿ!" ಯಾವತ್ತೂ ಗಂಡಸರೆದುರು ದನಿಯೆತ್ತದ ನಮ್ಮಮ್ಮ ಕೂಗುತ್ತಿದ್ದುದು ಮೈದಾನಕ್ಕೆಲ್ಲ ಕೇಳುತ್ತಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ "ಖೋ" ಎಂದದ್ದು ಕೇಳಿ ನಾನು ಎದ್ದು ಓಡಿದೆ. ಕಣ್ಣು ಮಂಜಾಗಿತ್ತು, ಎದುರಿನವಳ ಬೆನ್ನು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ.

ಒಂದೇ ಪಾಯಿಂಟಿನಿಂದ ಸೋತೆವು. ಪಂದ್ಯ ಮುಗಿದದ್ದೇ ಓಡಿಹೋಗಿ ಸುತ್ತ ಕೂತೆವು. ಶಾಲು ಹೊದ್ದು ಅಮ್ಮನಿಗೊರಗಿ ಕೂತಿದ್ದ ಟೀಚರ್, ತೊದಲುತ್ತಲೇ ಎಷ್ಟಾಯಿತೆಂದು ಕೇಳಿದರು. ಹೇಳಿದೆವು. "ನಿಲ್ಲಿಸಲಿಲ್ಲ ಅಲ್ವೇನ್ರೇ?" ಎಂದರು. ಇಲ್ಲ ಎಂದೆವು. ಅಮ್ಮನ ಸೆರಗಿನಲ್ಲೇ ಮುಖ ಒರೆಸಿಕೊಂಡರು.

ನಾನು ಹೈಸ್ಕೂಲು ಮುಗಿಸಿದ ಮೇಲೆ ಅವರು ವರ್ಗ ಮಾಡಿಸಿಕೊಂಡು ಹಿರಿಯೂರು ಕಡೆಗೆ, ಅಣ್ಣನ ಮನೆಗೆ ಹೋದರು. ಆಗಾಗ ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದರು, ಸುತ್ತ ಯಾವಾಗಲೂ ಹತ್ತಾರು ಹುಡುಗಿಯರು. ಒಮ್ಮೆ ನಾನು ಮದುವೆಯ ಮಾತು ತೆಗೆದೆ. "ನೋಡಾಕೆ ಬಂದೋರಿಗೆಲ್ಲ ಮೊದ್ಲೇ ಹೇಳಿಬಿಡ್ತೀನಿ ಕಣೇ. ಚಾ ಕುಡ್ದು ಹೋಗ್ತಾರೆ. ನಮ್ಮತ್ತಿಗೆ ಚಾ ಚೆನ್ನಾಗಿ ಮಾಡ್ತಾಳೆ ಅಂತ ಊರಿಗೆಲ್ಲ ಹೆಸರಾಗೈತೆ," ಎಂದು ನಕ್ಕರು. ಬಸ್ಸು ಬಂತು. ಹುಡುಗಿಯರನ್ನು ಹತ್ತಿಸಿ ಕೊನೆಗೆ ತಾವು ಹತ್ತಿದರು...

ಹೋದ ವರ್ಷ ರತ್ನ ಫೋನ್ ಮಾಡಿದಳು. ಹೊಸದುರ್ಗದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ ಅವಳು. ಟೀಚರ್ ನಿದ್ದೆಯಲ್ಲೇ ಹೋಗಿಬಿಟ್ಟರು, ಫಿಟ್ಸ್ ಬಂದು ಮಗುಚಿಕೊಂಡಿದ್ದರಂತೆ, ಬೆಳಿಗ್ಗೆ ನೋಡಿದರಂತೆ ಎಂದಳು. ಇಬ್ಬರೂ ಹರಿಯಬ್ಬೆಗೆ ಹೋಗುವಷ್ಟರಲ್ಲಿ ಮಣ್ಣು ಆಗಿತ್ತು. ಅವರ ಅತ್ತಿಗೆ ನಮ್ಮನ್ನು ಒಳಗೆ ಕೂರಿಸಿ ಹೇಳುತ್ತಿದ್ದಳು, "ಒಬ್ಬಾಕೆನೇ ಮಲಗಾಕೆ ಬಾಳ ಹೆದರೋಳು. ನಾನು ಮದುವ್ಯಾಗಿ ಬಂದಾಗಿಂದ, ಮನ್ಯಾಗಿದ್ದಾಗೆಲ್ಲ ನನ್ನ ಪಕ್ಕನೇ ಮಲಗೋಳು. ಅವತ್ತು ನಾನು ತೌರಿಗೆ ಹೋಗಿದ್ದೆ. ಬೆಳಗಾದ್ರೆ ಮಾತ್ರ ಯಾರಿಗೂ ಹೆದರ್ತಿರಲಿಲ್ಲ ಕಣ್ರಮ್ಮ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು. ರತ್ನ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತಳು.

ಮಗಳ ಶಾಲೆಯಿಂದ ಮನೆಗೆ ಬಂದ ಮೇಲೆ ಅವತ್ತೆಲ್ಲ ಕೆಲಸ ಸಾಗಲಿಲ್ಲ. ನಮಗೆ ಕಲಿಸುವಾಗ ಟೀಚರಿಗೆ ಎಷ್ಟು ವಯಸ್ಸಿತ್ತು ಎಂದು ಲೆಕ್ಕ ಹಾಕಿದೆ. ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ನಮಗಾಗ ಎಷ್ಟು ದೊಡ್ಡವರಾಗಿ ಕಾಣುತ್ತಿದ್ದರು! ನನಗೀಗ ಆ ವಯಸ್ಸು ದಾಟಿ ಎಷ್ಟೋ ಕಾಲವಾಗಿದೆ. ಗುರುತಿಲ್ಲದ ಊರಿನಲ್ಲಿ, ವೇಲಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, ಮನೆಮನೆಯ ಮುಂಬಾಗಿಲಲ್ಲಿ ನಿಂತು ತನ್ನ ಕಾಯಿಲೆಯನ್ನು ತಾನೇ ಹೇಳಿಕೊಂಡ ಅವಳು ಇನ್ನೂ ಹುಡುಗಿ. ಅದು ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಆ ವಯಸ್ಸಿನ ಅವಳು ಈಗ ಎದುರಿಗೆ ಬಂದು ನಿಂತರೆ ಟೀಚರ್ ಎನ್ನಲು ನನಗೆ ಬಾಯಿ ಬರಲಿಕ್ಕಿಲ್ಲ. ಬಾರೇ ತಂಗಿ, ಒಳಗೆ ಬಾ, ಕುಂತ್ಕ ಎಂದೇನು... ಆದರೆ ಅವಳು ಬರುವುದಿಲ್ಲ.